ಮಳೆಗಾಲದಲ್ಲಿ ಚಿಪ್ಪು ಹುಳು ಎಲ್ಲಿರುತ್ತದೆ

ಗಿಡದ ಎಲೆ ತಿರುಗಿಸಿ ನೋಡುವುದಕ್ಕೂ ಸಂಬಳ ಕೊಡುತ್ತಾರೆ ಎಂಬುದನ್ನು ನನ್ನ ಅತ್ತೆ ಕೊನೆಯವರೆಗೂ ನಂಬಲಿಲ್ಲ. ನೆಂಟರು ಕೇಳಿದರೆ "ಅವಳು ಆಫೀಸಿಗೆ ಹೋಗುತ್ತಾಳೆ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು. ಅವರನ್ನು ದೂರಿ ಪ್ರಯೋಜನವಿಲ್ಲ. ಸಸ್ಯ ಸಂರಕ್ಷಣೆಯ ಒಂದು ಸಣ್ಣ ಕೇಂದ್ರದಲ್ಲಿ ತಾಂತ್ರಿಕ ಸಹಾಯಕಿಯಾಗಿ ಸೇರಿದ ನಾನು ನಿವೃತ್ತಿಯ ದಿನದವರೆಗೂ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಂದು ಬಸ್ಸು ಹತ್ತಿ ಇಳಿದು, ಯಾರ್‍ಯಾರದೋ ಅಂಗಳದ ಕ್ರೋಟನ್, ದಾಸವಾಳ, ಕೇಪಳದ ಎಲೆ ತಿರುಗಿಸಿ, ಅಲ್ಲಿ ಅಂಟಿ ಕುಳಿತ ಹುಳು ಯಾವ ತಿಂಗಳಲ್ಲಿ ಏರುತ್ತದೆ, ಯಾವ ತಿಂಗಳಲ್ಲಿ ಇಳಿಯುತ್ತದೆ ಎಂದು ನೋಡುತ್ತ ಬಂದೆ. ಈಗ ಈ ಕೆಲಸಕ್ಕೆ ಹೊಸಬರು ಸೇರುತ್ತಿದ್ದಾರೆ. ಅವರಿಗೆ ಉಪಯೋಗಕ್ಕೆ ಬಂದರೆ ಬರಲಿ ಎಂದು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಕಥೆಯನ್ನು ಬಿಟ್ಟಿದ್ದೇನೆ. ಅದು ಎಲ್ಲ ಆಫೀಸಿನಲ್ಲೂ ಒಂದೇ.

ಪುಸ್ತಕದಲ್ಲಿ ಇದಕ್ಕೆ ಶಲ್ಕ ಕೀಟ ಎಂದು ಹೆಸರು. ನಾವು ಚಿಪ್ಪು ಹುಳು ಎನ್ನುತ್ತಿದ್ದೆವು. ಮೊದಲ ಸಲ ನೋಡಿದವರು ಇದನ್ನು ಹುಳು ಎಂದೇ ಒಪ್ಪುವುದಿಲ್ಲ, ಎಲೆಯ ಮೇಲಿನ ಕಂದು ಚುಕ್ಕೆ ಎನ್ನುತ್ತಾರೆ. ಕಾಲು ಕಾಣುವುದಿಲ್ಲ, ತಲೆ ಕಾಣುವುದಿಲ್ಲ, ನಡೆಯುವುದಿಲ್ಲ. ತಾಯಿ ಹುಳು ಎಲೆಗೆ ಸೂಜಿಯಂಥ ಬಾಯಿ ಊರಿ, ಬೆನ್ನಿಗೆ ಚಿಪ್ಪು ಹೊದ್ದು, ಕೂತಲ್ಲಿಯೇ ರಸ ಹೀರುತ್ತದೆ. ಅದರ ಹೊಟ್ಟೆಯಡಿಯಿಂದ ಹೊರಡುವ ಮರಿಗಳು ಮಾತ್ರ ಸ್ವಲ್ಪ ಹೊತ್ತು ಓಡಾಡಿ, ಜಾಗ ಹುಡುಕಿ, ಆಮೇಲೆ ಅವೂ ಅಂಟಿಕೊಳ್ಳುತ್ತವೆ. ಹುಳುವಿನಿಂದ ಸಿಹಿಯಾದ ಅಂಟು ಒಸರುತ್ತದೆ, ಅದಕ್ಕೆ ಇರುವೆ ಬರುತ್ತದೆ, ಮಸಿ ಹಿಡಿಯುತ್ತದೆ. ಮನೆಯವರು ಗಿಡವನ್ನು ನೋಡಿ ಬೆಚ್ಚುವುದು ಆ ಮಸಿ ಹಿಡಿದ ಮೇಲೆಯೇ.

ಹೊಸತರಲ್ಲಿ ಎಲ್ಲರೂ ಒಂದೇ ಜಾಗದಲ್ಲಿ ಮುಗ್ಗರಿಸುತ್ತಾರೆ. ಈ ಹುಳು ಸತ್ತರೂ ಉದುರುವುದಿಲ್ಲ. ಒಳಗೆ ಏನೂ ಇಲ್ಲದಿದ್ದರೂ ಚಿಪ್ಪು ಎಲೆಗೆ ಅಂಟಿಕೊಂಡೇ ಇರುತ್ತದೆ. ನನ್ನ ಮೊದಲ ಮೇಲಧಿಕಾರಿ ಬಹಳ ಮುಂಗೋಪಿ. ನಾವು ಎಲೆ ತಂದು ಮೇಜಿನ ಮೇಲಿಟ್ಟರೆ ಮೊದಲು ಕೇಳುತ್ತಿದ್ದದ್ದು "ಚುಚ್ಚಿ ನೋಡಿದ್ದೀರಾ?" ಎಂದು. ಪ್ರತಿಯೊಂದು ಚಿಪ್ಪನ್ನೂ ಸೂಜಿಯ ತುದಿಯಿಂದ ಎಬ್ಬಿಸಬೇಕು. ರಸ ಬಂದರೆ ಜೀವ ಇದೆ. ಹೊಟ್ಟಿನ ಹಾಗೆ ಎದ್ದುಬಂದರೆ ಇಲ್ಲ. ಚುಚ್ಚಿಲ್ಲ ಎಂದು ಗೊತ್ತಾದರೆ ಎಲೆಯನ್ನು ಎತ್ತಿ ಕಿಟಕಿಯಿಂದ ಹೊರಗೆ ಹಾಕುತ್ತಿದ್ದರು, ಮತ್ತೆ ಬಸ್ಸು ಹಿಡಿದು ಕಲ್ಯಾಣಪುರಕ್ಕೋ ಮಲ್ಪೆಗೋ ಹೋಗಬೇಕಿತ್ತು. ಅವರಿಗೆ ಹಿಂದಿನಿಂದ ಎಷ್ಟು ಬೈದಿದ್ದೇವೋ ಲೆಕ್ಕವಿಲ್ಲ. ಅವರು ಕಲಿಸಿದ್ದು ಅದೊಂದೇ, ಅದೊಂದೇ ಕೊನೆಗೆ ಕೈ ಹಿಡಿಯಿತು.

ವರ್ಷದ ಏರಿಳಿತವನ್ನು ನಾನು ಕ್ಯಾಲೆಂಡರು ನೋಡದೆ ಹೇಳಬಲ್ಲೆ. ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಅಲ್ಲೊಂದು ಇಲ್ಲೊಂದು ಕಾಣಿಸುತ್ತದೆ. ಶಿವರಾತ್ರಿಯ ಹೊತ್ತಿಗೆ ದಂಟಿನ ಮೇಲೆ ಸಾಲುಗಟ್ಟುತ್ತದೆ. ಬೇಸಗೆಯ ಸೆಕೆ ಏರಿದ ಹಾಗೆ ಗಿಡವನ್ನೇ ತುಂಬುತ್ತದೆ. ಮಳೆ ಹಿಡಿಯಿತೋ, ಮುಗಿಯಿತು. ನಮ್ಮ ಕರಾವಳಿಯ ಮಳೆಯ ಹೊಡೆತಕ್ಕೆ ಮರಿಗಳು ತೊಳೆದುಹೋಗುತ್ತವೆ, ಅಂಟಿಕೊಂಡಿದ್ದವಕ್ಕೆ ಬೂಷ್ಟು ಹಿಡಿಯುತ್ತದೆ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಅಂಗಳದ ಗಿಡಗಳನ್ನು ನೋಡಿದರೆ ಜೀವದ ಹುಳುವೇ ಇರುವುದಿಲ್ಲ. ಹಾಗಾದರೆ ದೀಪಾವಳಿ ಕಳೆದ ಮೇಲೆ ಮತ್ತೆ ಬರುವುದು ಎಲ್ಲಿಂದ? ರೆಕ್ಕೆ ಇಲ್ಲ, ದೂರ ನಡೆಯುವುದಿಲ್ಲ. ಈ ಪ್ರಶ್ನೆ ನಮ್ಮ ಕೇಂದ್ರದಲ್ಲಿ ವರ್ಷ ವರ್ಷವೂ ಎದ್ದು, ಟೀ ಮುಗಿಯುವಾಗ ಮಲಗುತ್ತಿತ್ತು.

ನಾನು ನಿವೃತ್ತಳಾಗುವ ಕೆಲವು ವರ್ಷ ಮೊದಲು ನಾಗರಾಜ ಸರ್ ಮುಖ್ಯಸ್ಥರಾಗಿ ಬಂದರು. ಘಟ್ಟದ ಮೇಲಿನವರು. ಸುಳ್ಳು ಹೇಳುವ ಮನುಷ್ಯ ಅಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಅವಸರ ಮಾತ್ರ ಜಾಸ್ತಿ. ಅವರು ಬಂದ ಮೇಲೆ ಭೂತಗನ್ನಡಿಯ ಬದಲು ಮೊಬೈಲು ಬಂತು. ತರಬೇತಿಗೆ ಬಂದ ಹುಡುಗ ಹುಡುಗಿಯರು ಗಿಡದ ಬಳಿ ಹೋಗಿ ಫೋಟೋ ಹೊಡೆದುಕೊಂಡು ಬಂದು, ಫ್ಯಾನಿನಡಿ ಕೂತು, ಪರದೆಯ ಮೇಲೆ ದೊಡ್ಡದು ಮಾಡಿ ಎಣಿಸತೊಡಗಿದರು. ನಾನು ಅದನ್ನು ತೆಗಳುವುದಿಲ್ಲ. ಕಣ್ಣು ಮಂಜಾಗುತ್ತ ಬಂದಿದ್ದ ನನಗೂ ಅದರಿಂದ ಉಪಕಾರವೇ ಆಯಿತು. ಆದರೆ ಫೋಟೋವನ್ನು ಸೂಜಿಯಿಂದ ಚುಚ್ಚಿ ನೋಡಲು ಆಗುವುದಿಲ್ಲ.

ಒಂದು ವರ್ಷ ಬೇಸಗೆಯಲ್ಲಿ ಮಣಿಪಾಲದ ಮನೆಗಳಿಂದ ದೂರಿನ ಮೇಲೆ ದೂರು. ಕ್ರೋಟನ್ ಗಿಡಗಳೆಲ್ಲ ಮಸಿ ಬಳಿದ ಹಾಗೆ ಕಪ್ಪಾಗಿ ಎಲೆ ಉದುರಿಸುತ್ತಿದ್ದವು. ಗಿಡ ಎಲ್ಲಿಂದ ತಂದದ್ದು ಎಂದು ವಿಚಾರಿಸಿದರೆ ಹೆಚ್ಚಿನವರು ಹೇಳಿದ್ದು ಕಾಪುವಿನ ಲಿಲ್ಲಿಬಾಯಿಯ ನರ್ಸರಿಯ ಹೆಸರು. ಅದು ಸಹಜವೇ. ಆಸುಪಾಸಿನ ಊರುಗಳಲ್ಲಿ ಯಾರ ಮನೆಯಲ್ಲಿ ಒಳ್ಳೆಯ ಕ್ರೋಟನ್ ಕಂಡರೂ ಅದು ಅಲ್ಲಿಯದೇ ಆಗಿರುತ್ತಿತ್ತು. ಲಿಲ್ಲಿಬಾಯಿಯ ಗಂಡ ಆಲ್ಬರ್ಟ್ ಪೊರ್ಬುಗಳು ಗಲ್ಫಿನಿಂದ ಬಂದವರು ಊರಿನ ಜಾಗದಲ್ಲಿ ನರ್ಸರಿ ಹಾಕಿದ್ದರು. ಬೇಲಿಯುದ್ದಕ್ಕೂ ಅವರು ನೆಟ್ಟ ತಾಯಿಗಿಡಗಳ ಸಾಲು. ಮಾರುವ ಸಸಿಗಳೆಲ್ಲ ಅವುಗಳ ಗೆಲ್ಲು ಕತ್ತರಿಸಿ ಊರಿ ಮಾಡಿದವು. ಅವರು ತೀರಿಕೊಂಡ ಮೇಲೆ ಲಿಲ್ಲಿಬಾಯಿ ಇಬ್ಬರು ಕೆಲಸದ ಹೆಂಗಸರನ್ನು ಇಟ್ಟುಕೊಂಡು ನಡೆಸುತ್ತಿದ್ದರು. ಮದ್ದು ಹೊಡೆಯುವ ಕ್ರಮ ಅಲ್ಲಿ ಇರಲಿಲ್ಲ. ಪೊರ್ಬುಗಳಿಗೆ ಮದ್ದಿನ ವಾಸನೆಗೆ ದಮ್ಮು ಬರುತ್ತಿತ್ತಂತೆ, ಆಮೇಲೂ ಹಾಗೆಯೇ ಮುಂದುವರಿಯಿತು.

ತರಬೇತಿಯವರು ಹೋಗಿ ತಾಯಿಗಿಡಗಳ ಫೋಟೋ ತಂದರು. ಪರದೆಯ ಮೇಲೆ ನೋಡಿದರೆ ಎಲೆಗಿಂತ ಚಿಪ್ಪೇ ಹೆಚ್ಚು. ನಾಗರಾಜ ಸರ್ ಅದನ್ನು ನೋಡಿ ಪ್ರಶ್ನೆ ಬಗೆಹರಿಯಿತು ಎಂದುಕೊಂಡರು. ಮಳೆಗಾಲಕ್ಕೆ ಮೊದಲು ಮಣಿಪಾಲದಲ್ಲಿ ಕೈತೋಟದವರ ಸಭೆ ಪ್ರತಿವರ್ಷ ಸೇರುತ್ತದೆ. ಅಲ್ಲಿ ಮಾತಾಡಲು ಕರೆದಿದ್ದರು. ಸರ್ ನೇರವಾಗಿ ಹೇಳಿಬಿಟ್ಟರು: "ಈ ಹುಳ ಕಾಪುವಿನ ಲಿಲ್ಲಿಬಾಯಿ ನರ್ಸರಿಯಿಂದ ಬರ್ತಾ ಇದೆ. ಅಲ್ಲಿನ ತಾಯಿಗಿಡಗಳನ್ನ ಸುಡೋವರೆಗೂ ಇದು ಹೋಗಲ್ಲ." ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಸರ್ ಹೇಳಿದ್ದು ಸುಳ್ಳು ಎಂದು ಆಗ ನನಗೂ ಗೊತ್ತಿರಲಿಲ್ಲ. ಆದರೆ ಯಾರೂ ಚುಚ್ಚಿ ನೋಡಿರಲಿಲ್ಲ ಎಂಬುದು ಗೊತ್ತಿತ್ತು.

ಮರುವಾರ ನಾನು ಕಾಪುವಿಗೆ ಹೋದಾಗ ಗೇಟಿನ ಹೊರಗೆ ಗಿಡದ ಚಟ್ಟಿಗಳು ಸಾಲಾಗಿ ಕೂತಿದ್ದವು. ಕೆಲವು ದೊಡ್ಡ ದೊಡ್ಡ ಗಿಡಗಳು, ಎಷ್ಟೋ ವರ್ಷ ಯಾರೋ ಸಾಕಿದ್ದವು.

"ಕೊಟ್ಟದ್ದೆಲ್ಲ ವಾಪಸ್ ಬರ್ತಾ ಉಂಟು ಅಕ್ಕ," ಎಂದರು ಲಿಲ್ಲಿಬಾಯಿ. "ಬೆಳಿಗ್ಗೆ ಗೇಟು ತೆಗೆದರೆ ಒಂದೆರಡು ಇಟ್ಟು ಹೋಗಿರ್ತಾರೆ. ಬೈದು ಹೋಗಿದ್ದರೆ ನನಗೆ ಇಷ್ಟು ಬೇಸರ ಇರಲಿಲ್ಲ. ಮಾತಾಡದೆ ಇಟ್ಟು ಹೋಗ್ತಾರಲ್ಲ, ಅದು ತಡೆಯಲಿಕ್ಕೆ ಆಗುವುದಿಲ್ಲ."

ಅವರು ಬೇಲಿಯ ಸಾಲನ್ನು ತೋರಿಸಿದರು.

"ನಿಮ್ಮ ಸರ್ ಸುಡಲಿಕ್ಕೆ ಹೇಳಿದ್ದಾರಂತೆ. ಇವರು ನೆಟ್ಟದ್ದು ಅಂತ ನಾನು ಹಿಡಿದುಕೊಂಡು ಕೂತುಕೊಳ್ಳುವುದಿಲ್ಲ. ನನ್ನಿಂದ ಊರಿಗೆ ರೋಗ ಅಂತ ಆಗಬಾರದು. ನೀವು ಹೌದು ಅಂತ ಹೇಳಿ, ನಾಳೆಯೇ ಕಡಿಸಿ ಹಾಕ್ತೇನೆ."

"ಮಳೆ ಮುಗಿಯುವವರೆಗೆ ಕತ್ತಿ ಮುಟ್ಟಬೇಡಿ ಬಾಯಮ್ಮ," ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು. ಆ ಅಧಿಕಾರ ನನಗಿರಲಿಲ್ಲ.

ನಾಗರಾಜ ಸರ್ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ವಾರಿಜಮ್ಮ, ಫೋಟೋ ಕಣ್ಮುಂದೇನೇ ಇದೆಯಲ್ಲ," ಎಂದರು.

"ಅದು ಚಿಪ್ಪಿನ ಲೆಕ್ಕ ಸರ್. ಹುಳುವಿನದ್ದಲ್ಲ."

ಅವರು ಫೋಟೋವನ್ನು ಇನ್ನೊಮ್ಮೆ ನೋಡಿದರು. "ಆಯ್ತು. ಈ ಮಳೆಗಾಲ ನಿಮ್ಮದು. ಆಮೇಲೂ ಅಲ್ಲೇ ಅಂತ ಆದ್ರೆ ಸುಡಿಸೋದೇ." ಸಿಟ್ಟಿನಿಂದ ಹೇಳಿದ್ದಲ್ಲ. ಹಾಗೆ ಹೇಳುವ ಮೇಲಧಿಕಾರಿ ಸಿಗುವುದೂ ಅಪರೂಪ ಎಂದು ಹೊಸಬರು ತಿಳಿದಿರಲಿ.

ಮೊದಲು ತಾಯಿಗಿಡಗಳ ಎಲೆ ತಂದು ಚುಚ್ಚಿದೆ. ಒಂದಾದ ಮೇಲೊಂದು ಹೊಟ್ಟಿನ ಹಾಗೆ ಎದ್ದುಬಂತು. ಭೂತಗನ್ನಡಿಯಲ್ಲಿ ನೋಡಿದರೆ ಚಿಪ್ಪಿನ ಬೆನ್ನಿನಲ್ಲಿ ಒಂದು ದುಂಡನೆಯ ತೂತು. ಇದನ್ನು ನೋಡಿದವರಿಗೆ ಅರ್ಥವಾಗುತ್ತದೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಕಣಜವೊಂದಿದೆ. ಅದು ಚಿಪ್ಪು ಹುಳುವಿನೊಳಗೆ ಮೊಟ್ಟೆಯಿಡುತ್ತದೆ, ಅದರ ಮರಿ ಒಳಗಿನಿಂದ ಹುಳುವನ್ನು ತಿಂದು ತೂತು ಕೊರೆದು ಹೊರಬರುತ್ತದೆ. ಮದ್ದು ಹೊಡೆದ ಕಡೆ ಮೊದಲು ಸಾಯುವುದು ಈ ಕಣಜ. ಹೊಡೆಯದ ಲಿಲ್ಲಿಬಾಯಿಯ ಬೇಲಿಯಲ್ಲಿ ಅದು ಸಂಸಾರ ಹೂಡಿತ್ತು. ಆ ಗಿಡಗಳನ್ನು ಸುಟ್ಟಿದ್ದರೆ ಹುಳುವಿನ ಶತ್ರುವನ್ನೇ ಸುಟ್ಟ ಹಾಗಾಗುತ್ತಿತ್ತು. ನನಗೆ ಸಮಾಧಾನವಾಯಿತು, ಆದರೆ ಕೆಲಸ ಅರ್ಧವೇ ಆಗಿತ್ತು. ಅಲ್ಲಿಂದ ಅಲ್ಲ ಎಂದಾದರೆ ಮತ್ತೆಲ್ಲಿಂದ ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಇಲ್ಲದಿದ್ದರೆ ಜನ ಹಳೆಯ ಉತ್ತರವನ್ನೇ ಇಟ್ಟುಕೊಳ್ಳುತ್ತಾರೆ.

ಮಳೆಗಾಲದ ಕೆಲಸ ಮಾಡಿದವರಿಗೇ ಗೊತ್ತು. ಕೊಡೆಯನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಎಲೆ, ಒಂದು ಕೈಯಲ್ಲಿ ಭೂತಗನ್ನಡಿ. ಗಾಜಿಗೆ ಆವಿ ಹಿಡಿಯುತ್ತದೆ, ಸೀರೆಯ ಅಂಚು ಕೆಸರಾಗುತ್ತದೆ, ನಾಯಿ ಬೊಗಳುತ್ತದೆ. ಅಂಗಳದಿಂದ ಅಂಗಳಕ್ಕೆ ಹೋದೆ. ಎಲ್ಲೂ ಹುಳು ಇಲ್ಲ. ನಮ್ಮ ಕ್ರಮವೇ ಹಾಗೆ ಇತ್ತು, ಬಯಲಿನಲ್ಲಿ ಬೆಳೆದ ಗಿಡವನ್ನೇ ನೋಡಬೇಕು ಎಂದು.

ಕಾರ್ಕಳದಲ್ಲಿ ಒಂದು ಮನೆಯ ಅಂಗಳದಲ್ಲಿದ್ದಾಗ ಮಳೆ ಜೋರಾಯಿತು. ಮನೆಯಾಕೆ ಸುಮತಿಯಕ್ಕ, ಶಾಲೆಯಲ್ಲಿ ಟೀಚರಾಗಿದ್ದವರು. "ಆ ಮಳೆಯಲ್ಲಿ ಎಂತ ಹುಡುಕ್ತೀರಿ ಮಾರಾಯ್ರೆ, ಮೇಲೆ ಬನ್ನಿ," ಎಂದು ಜಗಲಿಗೆ ಕರೆದು ಕಾಫಿ ತರಲು ಒಳಗೆ ಹೋದರು. ನಾನು ಬೆಂಚಿನಲ್ಲಿ ಕೂತು ಚಪ್ಪಲಿ ಕಳಚಿ ಕಾಲು ಕೆಳಗಿಟ್ಟೆ. ಜಗಲಿಯ ಕೆಂಪು ಸಿಮೆಂಟು ನುಣ್ಣಗಿತ್ತು, ಆದರೆ ನನ್ನ ಪಾದಕ್ಕೆ ಅಂಟಿತು. ಕಾಲೆತ್ತಿದರೆ ಜಿಗುಟು. ಬಗ್ಗಿ ನೋಡಿದೆ. ಸಿಮೆಂಟಿನ ಮೇಲೆ ಸಣ್ಣ ಸಣ್ಣ ಹನಿಯ ಕಲೆಗಳು, ಅವುಗಳ ನಡುವೆ ಇರುವೆಯ ಸಾಲು. ಇರುವೆಯ ದಾರಿ ಹಿಡಿದು ಕಣ್ಣು ಹಾಯಿಸಿದರೆ ಗೋಡೆಯುದ್ದಕ್ಕೂ ಕ್ರೋಟನ್ ಚಟ್ಟಿಗಳು. ಒಂದು ಎಲೆ ತಿರುಗಿಸಿದೆ, ಸೂಜಿ ಮುಟ್ಟಿಸಿದೆ. ರಸ ಬಂತು. ಇನ್ನೊಂದರಲ್ಲೂ ಬಂತು. ದಂಟಿನ ಮೇಲೆ ಮರಿಗಳು ಹರಿದಾಡುತ್ತಿದ್ದವು. ಮೂರು ಮಾರು ಆಚೆ ಅಂಗಳದಲ್ಲಿ ಒಂದೂ ಇಲ್ಲ, ಇಲ್ಲಿ ಸೂರಿನಡಿ ಬೆಚ್ಚಗೆ ಬೇಸಗೆಯ ಹಾಗೆ ನಡೆಯುತ್ತಿತ್ತು.

"ಇವನ್ನು ಯಾವಾಗ ಒಳಗೆ ತಂದದ್ದು?" ಎಂದು ಕೇಳಿದೆ.

"ಮಳೆ ಸುರುವಾದ ಕೂಡಲೇ. ಎಲ್ಲರೂ ತರ್ತಾರಲ್ವಾ? ನವರಾತ್ರಿ ಕಳೆದ ಮೇಲೆ ಪುನಃ ಹೊರಗೆ. ಮಳೆಗೆ ಬಿಟ್ಟರೆ ಬೇರು ಕೊಳೀತದೆ ಅಂತ ಗಿಡ ಕೊಡುವಾಗಲೇ ಹೇಳಿದ್ದಾರೆ."

ಕಾಫಿಯ ರುಚಿ ನನಗೆ ನೆನಪಿಲ್ಲ. ಹೌದು, ಎಲ್ಲರೂ ತರುತ್ತಾರೆ. ನನ್ನ ಮನೆಯಲ್ಲೂ ತರುತ್ತೇವೆ. ಕೊಡೆ ಬಿಚ್ಚುವ ಮೊದಲು ಚಟ್ಟಿಗಳನ್ನು ಜಗಲಿಗೆ ಎತ್ತಿಡುವುದು ನಮ್ಮ ಕಡೆ ಒಂದು ಕೆಲಸ ಎಂದೇ ಲೆಕ್ಕವಿಲ್ಲ, ಅಷ್ಟು ಅಭ್ಯಾಸ. ಹುಳುವನ್ನು ಮಳೆಯಿಂದ ಕಾಪಾಡಿ, ಬಿಸಿಲು ಬಂದ ಮೇಲೆ ಅಂಗಳಕ್ಕೆ ತಂದು ಬಿಡುತ್ತಿದ್ದವರು ನಾವೇ. ಗಿಡದ ಮೇಲಿನ ಪ್ರೀತಿಯಿಂದಲೇ ಆದ ಕೆಲಸ ಅದು.

ಆಮೇಲೆ ನಾನು ಅಂಗಳ ಬಿಟ್ಟು ಜಗಲಿ ಹತ್ತಿದೆ. ಕಟಪಾಡಿಯಲ್ಲಿ, ಉಡುಪಿಯಲ್ಲಿ, ಮಣಿಪಾಲದ ಫ್ಲ್ಯಾಟುಗಳ ಬಾಲ್ಕನಿಯಲ್ಲಿ, ಎಲ್ಲ ಕಡೆ ಅದೇ. ದಂಟಿಗೆ ಎರಡು ಮೈಯಲ್ಲೂ ಅಂಟಿರುವ ಟೇಪು ಸುತ್ತಿಬಂದರೆ ಮರುವಾರ ಅದರಲ್ಲಿ ಹಳದಿ ಮರಿಗಳು ಸಿಕ್ಕಿಬಿದ್ದಿರುತ್ತಿದ್ದವು. ಮಳೆ ನಿಂತು ಚಟ್ಟಿಗಳು ಅಂಗಳಕ್ಕೆ ಇಳಿದ ಮೇಲೆ, ಮೊದಲು ಹುಳು ಕಾಣಿಸಿದ್ದು ಅವುಗಳಿಗೆ ತಾಗಿಕೊಂಡ ಗಿಡಗಳಲ್ಲಿ. ಮಳೆಯುದ್ದಕ್ಕೂ ಬಯಲಲ್ಲೇ ನಿಂತಿದ್ದ ಲಿಲ್ಲಿಬಾಯಿಯ ತಾಯಿಗಿಡಗಳಲ್ಲಿ ಜೀವದ ಹುಳು ಒಂದೂ ಇರಲಿಲ್ಲ.

ಎಲ್ಲವನ್ನೂ ನಾಗರಾಜ ಸರ್ ಮೇಜಿನ ಮೇಲಿಟ್ಟೆ. ಅವರು ತಾವೇ ಸೂಜಿ ತೆಗೆದುಕೊಂಡು ಬಹಳ ಹೊತ್ತು ಚುಚ್ಚುತ್ತ ಕೂತರು. ಆಮೇಲೆ "ಕಾಪುವಿಗೆ ಹೋಗೋಣ ನಡೀರಿ," ಎಂದರು.

ಲಿಲ್ಲಿಬಾಯಿ ಕುರ್ಚಿ ತಂದು ಹಾಕಿದರು. ಸರ್ ಕೂರಲಿಲ್ಲ. "ನನ್ನಿಂದ ತಪ್ಪಾಯ್ತು ತಾಯಿ. ಹುಳ ನಿಮ್ಮಲ್ಲಿಂದ ಬಂದಿದ್ದಲ್ಲ," ಎಂದರು. ಒಬ್ಬ ಅಧಿಕಾರಿಯ ಬಾಯಲ್ಲಿ ನಾನು ಈ ಮಾತು ಕೇಳಿದ್ದು ಅದೊಂದೇ ಸಲ.

"ಬೈಯುವುದು ಅಂತ ಎಣಿಸಬೇಡಿ ಸರ್," ಎಂದರು ಲಿಲ್ಲಿಬಾಯಿ. "ಅದನ್ನು ಹೇಳುವಾಗ ಅಷ್ಟು ಜನರ ಎದುರು ಹೇಳಿದಿರಿ. ಇದನ್ನು ನನ್ನೊಬ್ಬಳ ಹತ್ತಿರ ಹೇಳಿ ಎಂತ ಆಗ್ತದೆ?"

ಸರ್ ಮುಖ ಕೆಂಪಾಯಿತು. ಆದರೆ ಅದೇ ಕೈತೋಟದವರನ್ನು ಮತ್ತೆ ಸೇರಿಸಿದರು. ಲಿಲ್ಲಿಬಾಯಿ ಬರುವುದಿಲ್ಲ ಎಂದವರು ಬಂದು, ನನ್ನ ಪಕ್ಕದಲ್ಲಿ ಹಿಂದಿನ ಸಾಲಿನಲ್ಲಿ ಕೂತರು. ಮುಂದೆ ಕೂತಿದ್ದವರಲ್ಲಿ ಗೇಟಿನ ಬಳಿ ಚಟ್ಟಿ ಇಟ್ಟುಹೋದವರೂ ಇದ್ದರು. ಸರ್ ಸುತ್ತುಬಳಸಿ ಹೇಳಲಿಲ್ಲ. ತಾವು ಹಿಂದೆ ಹೇಳಿದ್ದು ತಪ್ಪು, ನರ್ಸರಿಯ ಗಿಡಗಳಲ್ಲಿದ್ದದ್ದು ಸತ್ತ ಚಿಪ್ಪು ಎಂದರು.

"ಹಾಗಾದರೆ ಹುಳು ಬಂದದ್ದು ಎಲ್ಲಿಂದ?" ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳಿದರು.

"ನಿಮ್ಮ ಜಗಲಿಯಿಂದ," ಎಂದರು ಸರ್, ಮತ್ತು ಇಡೀ ಸಂಗತಿಯನ್ನು ವಿವರಿಸಿದರು.

ಸಭೆಗೆ ಇದು ಸಹ್ಯವಾಗಲಿಲ್ಲ. ಗುಸುಗುಸು ಎದ್ದಿತು. ಗಿಡವನ್ನು ಮಕ್ಕಳ ಹಾಗೆ ನೋಡಿಕೊಂಡದ್ದೇ ತಪ್ಪೋ ಎಂದು ಯಾರೋ ಗೊಣಗಿದರು. ನಾನು ಲಿಲ್ಲಿಬಾಯಿಯ ಕಡೆ ನೋಡಿದೆ. ಹೆಸರಿಗೆ ಹತ್ತಿದ ಮಸಿ ತೊಳೆದಾಗಿತ್ತು, ಸಂತೋಷ ಕಾಣಬೇಕಿತ್ತು. ಅವರ ಮುಖ ಬಿಳುಚಿಕೊಂಡಿತ್ತು. ಮುಂದಿನ ಕುರ್ಚಿಯ ಬೆನ್ನು ಹಿಡಿದು ನಿಧಾನಕ್ಕೆ ಎದ್ದು ನಿಂತರು.

"ಒಂದು ಮಾತು ಉಂಟು," ಎಂದರು. ಎಲ್ಲರೂ ಹಿಂದೆ ತಿರುಗಿದರು. "ಮಳೆಗೆ ಒಳಗೆ ಇಡಿ ಅಂತ ನಿಮಗೆ ಹೇಳಿಕೊಟ್ಟದ್ದು ನಮ್ಮವರು. ಸುರುವಿನ ವರ್ಷ ಮಳೆಗೆ ಚಟ್ಟಿಯಲ್ಲಿ ನೀರು ನಿಂತು ಸುಮಾರು ಗಿಡ ಕೊಳೆತು ಹೋಯಿತು. ಅಂದಿನಿಂದ ಗಿಡ ಕೊಡುವಾಗ ಪ್ರತಿಯೊಬ್ಬರಿಗೂ ಹಾಗೆ ಹೇಳ್ತಿದ್ದರು. ಅವರು ಹೋದ ಮೇಲೆ ನಾನೂ ಹೇಳ್ತಾ ಬಂದೆ. ನಿಮ್ಮ ತಪ್ಪಲ್ಲ. ನಮ್ಮ ಮಾತು ಕೇಳಿದಿರಿ, ಅಷ್ಟೇ."

ನನಗೆ ಸುಮತಿಯಕ್ಕನ ಮಾತು ಆಗ ನೆನಪಾಯಿತು, ಗಿಡ ಕೊಡುವಾಗಲೇ ಹೇಳಿದ್ದಾರೆ ಎಂದದ್ದು. ಹೇಳಿದವರು ಯಾರು ಎಂದು ನಾನು ಕೇಳಿರಲೇ ಇಲ್ಲ. ಲಿಲ್ಲಿಬಾಯಿ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗಷ್ಟೇ ಕೈಗೆ ಬಂದ ಹೆಸರನ್ನು ಅವರು ಅಷ್ಟು ಜನರ ಎದುರು ತಾವಾಗಿಯೇ ಬಿಟ್ಟುಕೊಟ್ಟಿದ್ದರು. ಹೊರಗೆ ಬಂದ ಮೇಲೆ ಕೇಳಿದೆ, ಯಾಕೆ ಹೇಳಿದಿರಿ ಎಂದು. "ಆ ಮಾತು ಇನ್ನೂ ಎಲ್ಲರ ಮನೆಯಲ್ಲಿ ಉಂಟಲ್ವಾ ಅಕ್ಕ. ಹೇಳಿದವರೇ ವಾಪಸ್ ತೆಗೊಳ್ಳಬೇಕು," ಎಂದರು.

ಮರುವರ್ಷ ಮಳೆ ಹಿಡಿದಾಗ ನಮ್ಮ ಕೇಂದ್ರದಿಂದ ಕರಪತ್ರ ಹೋಯಿತು. ಚಟ್ಟಿಗಳನ್ನು ಮಳೆಗೆ ಬಿಡಿ, ನೀರು ನಿಲ್ಲದ ಹಾಗೆ ಚಟ್ಟಿಯ ಅಡಿಯಲ್ಲಿ ಕಲ್ಲು ಕೊಡಿ ಎಂದು. ಯಾರೂ ಕೇಳಲಿಲ್ಲ. ಪೊರ್ಬುಗಳು ಹೇಳಿದ್ದು ಹಾಗಲ್ಲ ಎನ್ನುತ್ತಿದ್ದರು. ಕೊನೆಗೆ ಲಿಲ್ಲಿಬಾಯಿ ತಾವೇ ಹೊರಟರು. ನನ್ನದು ಹೇಗೂ ಮಳೆಗಾಲದ ತಿರುಗಾಟ, ಒಟ್ಟಿಗೆ ಹೋದೆವು.

ಕಟಪಾಡಿಯ ಒಂದು ಮನೆ. ಜಗಲಿಯಲ್ಲಿ ನನ್ನ ಎದೆಯೆತ್ತರದ ಕ್ರೋಟನ್, ಹಳದಿ ಎಲೆಯ ಮೇಲೆ ಕೆಂಪು ಚುಕ್ಕೆ. ಮನೆಯ ಹೆಂಗಸು ಅದಕ್ಕೆ ಅಡ್ಡ ನಿಂತು ಹೇಳಿದಳು: "ಇದು ಪೊರ್ಬುಗಳು ಅವರ ಕೈಯಾರೆ ಕೊಟ್ಟದ್ದು ಬಾಯಮ್ಮ. ಮಳೆಗೆ ಬಿಡಬಾರದು ಅಂತ ನನ್ನ ಹತ್ತಿರ ಎರಡು ಸಲ ಹೇಳಿದ್ದಾರೆ."

"ಹೌದು ಮಗಾ, ಹೇಳಿದ್ದಾರೆ," ಎಂದರು ಲಿಲ್ಲಿಬಾಯಿ. "ಈಗ ಇದ್ದಿದ್ದರೆ ಅವರೇ ಬಂದು ಹೊರಗೆ ಇಡ್ತಿದ್ದರು."

ಬಗ್ಗಿ ಚಟ್ಟಿಯನ್ನು ತಬ್ಬಿ ಎತ್ತಿದರು. ನಾನು ಕೈಕೊಡಲು ಹೋದರೆ ಬೇಡ ಎಂದರು. ಮೆಟ್ಟಿಲಿಳಿದು ಅಂಗಳದ ನಡುವೆ ಇಟ್ಟು, ಅಡಿಗೆ ಎರಡು ಕಲ್ಲು ಕೊಟ್ಟು, ನೀರು ಸರಿಯಾಗಿ ಇಳಿಯುತ್ತದೋ ಎಂದು ನೋಡಿದರು. ಕೊಡೆ ಜಗಲಿಯಲ್ಲೇ ಉಳಿದಿತ್ತು. ನೀರು ಇಳಿಯುವುದು ಕಂಡ ಮೇಲೂ ಅವರು ಬರಲಿಲ್ಲ. ಒಂದು ಕೈಯನ್ನು ಗಿಡದ ಮೇಲಿಟ್ಟುಕೊಂಡು ಮಳೆಯಲ್ಲಿ ಅದರ ಪಕ್ಕದಲ್ಲೇ ನಿಂತಿದ್ದರು.